ಹಳೆಯ ಸುಸ್ತಿ ಸಾಲ ಸಿಬಿಲ್ ವರದಿಯಲ್ಲಿ ಎಷ್ಟು ವರ್ಷ ಉಳಿಯುತ್ತದೆ?

"ಏಳು ವರ್ಷ ಸುಮ್ಮನಿದ್ದರೆ ಸಿಬಿಲ್‌ನಿಂದ ಸಾಲ ತಾನೇ ಹೋಗುತ್ತದೆ" ಎನ್ನುವ ಮಾತು ಕಲಬುರಗಿಯಲ್ಲೂ ಓಡಾಡುತ್ತಿದೆ. (ಸಿಬಿಲ್ ಎಂದರೆ ಬ್ಯಾಂಕುಗಳು ಕಳಿಸುವ ಸಾಲದ ಮಾಹಿತಿಯನ್ನು ಇಟ್ಟುಕೊಳ್ಳುವ ಕಂಪನಿ.) ಅದನ್ನು ನಂಬಿ ಕೂರಬೇಡಿ. ಅದು ಅಮೆರಿಕದ ನಿಯಮ. ಅಲ್ಲಿ ವಸೂಲಿ ಕಂಪನಿಗೆ ಹೋದ ಸಾಲವನ್ನೂ ಮೊದಲು ಕಂತು ತಪ್ಪಿದ ದಿನದಿಂದ ಲೆಕ್ಕ ಹಿಡಿದು, ಸುಮಾರು 7 ವರ್ಷಕ್ಕೆ ವರದಿಯಿಂದ ತೆಗೆಯಬೇಕೆಂಬ ಕಾನೂನಿದೆ. ನಮ್ಮಲ್ಲಿ 2005ರ ಕ್ರೆಡಿಟ್ ಮಾಹಿತಿ ಕಂಪನಿಗಳ ಕಾಯ್ದೆಯಡಿ ಇರುವ ನಿಯಮ ಬೇರೆ: ಸಿಬಿಲ್‌ನಂಥ ಕಂಪನಿಗಳು ಸಾಲದ ಮಾಹಿತಿಯನ್ನು ಕನಿಷ್ಠ 7 ವರ್ಷ ಇಟ್ಟುಕೊಳ್ಳಬೇಕು. ಕನಿಷ್ಠ ಎಂಬ ಪದ ಗಮನಿಸಿ. ಬಾಕಿ ಹಾಗೇ ನಿಂತಿದ್ದರೆ ಬ್ಯಾಂಕು ಅದನ್ನು ವರದಿ ಮಾಡುತ್ತಲೇ ಹೋಗಬಹುದು. ಹತ್ತು ವರ್ಷದ ಹಿಂದಿನ 'ರೈಟ್ ಆಫ್' ಸಾಲ ಇವತ್ತಿನ ವರದಿಯಲ್ಲಿ ಕಂಡರೆ ಅದು ತಪ್ಪೇನಲ್ಲ. ರೈಟ್ ಆಫ್ ಎಂದರೆ ಸಾಲಮನ್ನಾ ಅಲ್ಲ, ಬ್ಯಾಂಕು ತನ್ನ ಲೆಕ್ಕಪುಸ್ತಕದಲ್ಲಿ ಮಾಡಿಕೊಂಡ ಹೊಂದಾಣಿಕೆ ಅಷ್ಟೆ.

ಇದರ ಜೊತೆ ಜನ ಬೆರೆಸಿಕೊಳ್ಳುವ ಇನ್ನೊಂದು ಲೆಕ್ಕ 3 ವರ್ಷದ್ದು. 1963ರ ಕಾಲಮಿತಿ ಕಾಯ್ದೆಯಂತೆ ಅಡಮಾನವಿಲ್ಲದ ಸಾಮಾನ್ಯ ಸಾಲಕ್ಕೆ 3 ವರ್ಷದೊಳಗೆ ದಾವೆ ಹೂಡಬೇಕು. ಆ ಅವಧಿ ತುಂಬುವ ಮುನ್ನ ನೀವು ಬರಹದಲ್ಲಿ ಸಾಲ ಒಪ್ಪಿಕೊಂಡರೆ, ಅಥವಾ ಸ್ವಲ್ಪ ಹಣ ಕಟ್ಟಿ ಅದಕ್ಕೆ ನಿಮ್ಮ ಸಹಿಯ ದಾಖಲೆ ಉಳಿದರೆ, ಎಣಿಕೆ ಮತ್ತೆ ಮೊದಲಿನಿಂದ ಶುರುವಾಗುತ್ತದೆ. "ಐನೂರು ರೂಪಾಯಿ ಹಾಕಿ, ಫೈಲ್ ಕ್ಲೋಸ್ ಮಾಡ್ತೀವಿ" ಎಂದು ವಸೂಲಿ ಏಜೆಂಟ್ ಒತ್ತಾಯಿಸಿದಾಗ ಇದು ನೆನಪಿರಲಿ. ಇನ್ನು ಕಾಲಮಿತಿ ಮುಗಿದರೂ ಸಿಬಿಲ್ ದಾಖಲೆ ಅಳಿಯುವುದಿಲ್ಲ. ದಾವೆಯ ಹಕ್ಕು ಬೇರೆ, ವರದಿ ಬೇರೆ.

ಮೊದಲು ವರದಿ ತೆಗೆಯಿರಿ. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ಎಂಬ ನಾಲ್ಕೂ ಕಂಪನಿಗಳು ವರ್ಷಕ್ಕೊಂದು ಪೂರ್ಣ ವರದಿಯನ್ನು ಉಚಿತವಾಗಿ ಕೊಡಲೇಬೇಕು. ಅವುಗಳ ಸ್ವಂತ ವೆಬ್‌ಸೈಟಿಗೇ ಹೋಗಿ. ಪ್ಯಾನ್ ಮತ್ತು ಮೊಬೈಲಿಗೆ ಬರುವ ಒಟಿಪಿ ಬೇಕಾಗುತ್ತದೆ. ತಿಂಗಳ ಚಂದಾ ಕೇಳುವ ಪುಟ ಬಂದರೆ ಹಿಂದೆ ಬನ್ನಿ. ಸಂಘದ ಅಥವಾ ಮೈಕ್ರೋಫೈನಾನ್ಸ್ ಸಾಲ ಇದ್ದವರು ಕ್ರಿಫ್ ಹೈಮಾರ್ಕ್ ವರದಿ ನೋಡದೆ ಬಿಡಬೇಡಿ. ಯಾರಿಗಾದರೂ ಜಾಮೀನು ನಿಂತಿದ್ದರೆ ಆ ಸಾಲವೂ ನಿಮ್ಮ ವರದಿಯಲ್ಲಿ ಇರುತ್ತದೆ.

ಬ್ಯಾಂಕಿನ ಹೆಸರು ಗುರುತು ಸಿಗದಿದ್ದರೆ ಗಾಬರಿ ಬೇಡ. ನಮ್ಮ ಭಾಗದಲ್ಲಿ ಇದು ಸಾಮಾನ್ಯ. ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್ 2017ರ ಏಪ್ರಿಲ್ 1ರಂದು ಎಸ್‌ಬಿಐಯಲ್ಲಿ ಸೇರಿತು, ಸಿಂಡಿಕೇಟ್ ಬ್ಯಾಂಕ್ 2020ರಲ್ಲಿ ಕೆನರಾ ಬ್ಯಾಂಕಿಗೆ ಹೋಯಿತು, ಪ್ರಗತಿ ಕೃಷ್ಣಾ ಗ್ರಾಮೀಣ ಬ್ಯಾಂಕ್ 2019ರ ಏಪ್ರಿಲ್ 1ರಿಂದ ಕರ್ನಾಟಕ ಗ್ರಾಮೀಣ ಬ್ಯಾಂಕಿನ ಭಾಗ. ಬ್ಯಾಂಕು ಸಾಲವನ್ನೇ ಮಾರಿದ್ದರೆ ಅದನ್ನು ಕೊಂಡ ಆಸ್ತಿ ಪುನರ್ರಚನಾ ಕಂಪನಿಯ ಹೆಸರು ಕಾಣುತ್ತದೆ. ಸಾಲ ತೆಗೆದ ದಿನಾಂಕ ಮತ್ತು ಮೊತ್ತವನ್ನು ಹಳೆಯ ಪಾಸ್‌ಬುಕ್‌ಗೆ ಹೋಲಿಸಿ ನೋಡಿ. ಒಂದೇ ಸಾಲ ಎರಡು ಹೆಸರಲ್ಲಿ ಬಾಕಿ ತೋರಿಸುತ್ತಿದ್ದರೆ ಅದು ತಪ್ಪು, ತಿದ್ದಿಸಬೇಕು.

ಬಾಕಿ ನಿಜವೇ ಆಗಿದ್ದರೆ ತೀರಿಸುವ ಬಗೆ ಮುಖ್ಯ. ಅಸಲು, ಬಡ್ಡಿ ಪೂರ್ತಿ ಕಟ್ಟಿದರೆ 'ಕ್ಲೋಸ್ಡ್' ಎಂದು ಬರುತ್ತದೆ. ರಿಯಾಯಿತಿ ಪಡೆದು ಕಟ್ಟಿದರೆ 'ಸೆಟಲ್ಡ್' ಎಂದು. ಸೆಟಲ್ಡ್ ನೋಡಿದ ಮ್ಯಾನೇಜರ್ ಮುಂದಿನ ಸಾಲಕ್ಕೆ ಹಿಂದೇಟು ಹಾಕುತ್ತಾರೆ. ಕೈಯಲ್ಲಿ ಹಣ ಹೊಂದುವುದಾದರೆ ಪೂರ್ತಿ ಕಟ್ಟುವುದೇ ವಾಸಿ. ಸೆಟಲ್‌ಮೆಂಟ್ ಅನಿವಾರ್ಯವಾದರೆ ಮೊತ್ತ, ಕೊನೆಯ ದಿನ, ಖಾತೆ ಸಂಖ್ಯೆ ಇರುವ ಪತ್ರ ಬ್ಯಾಂಕಿನ ಲೆಟರ್‌ಹೆಡ್‌ನಲ್ಲಿ ಕೈಗೆ ಬಂದ ಮೇಲಷ್ಟೇ ಹಣ ಕೊಡಿ, ಅದೂ ಸಾಲದ ಖಾತೆಗೇ. ಏಜೆಂಟನ ಫೋನ್‌ಪೇಗೆ ಹಾಕಿದ ಹಣ ಬ್ಯಾಂಕಿನ ಲೆಕ್ಕಕ್ಕೆ ಹೋಗದಿದ್ದರೆ ಸಾಬೀತು ಮಾಡುವುದು ಕಷ್ಟ. ಕೊನೆಗೆ ಬೇಬಾಕಿ ಪತ್ರ (ಬಾಕಿ ಏನೂ ಉಳಿದಿಲ್ಲ ಎಂಬ ಪತ್ರ) ಪಡೆಯಿರಿ. ವಸೂಲಿಯವರು ಬೆಳಿಗ್ಗೆ 8ಕ್ಕೆ ಮುನ್ನ, ಸಂಜೆ 7ರ ನಂತರ ಫೋನ್ ಮಾಡುವಂತಿಲ್ಲ.

ಕಟ್ಟಿದ ಸಾಲ ಇನ್ನೂ ಬಾಕಿ ಎಂದೇ ಇದ್ದರೆ ಆಯಾ ಕಂಪನಿಯ ವೆಬ್‌ಸೈಟಿನಲ್ಲಿ ತಕರಾರು ದಾಖಲಿಸಿ, ಬೇಬಾಕಿ ಪತ್ರ ಜೋಡಿಸಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಬ್ಯಾಂಕು ಒಪ್ಪದೆ ಕಂಪನಿ ತಾನಾಗಿ ತಿದ್ದುವುದಿಲ್ಲ. ಆದ್ದರಿಂದ ಅದೇ ಕಾಗದಗಳೊಂದಿಗೆ ಶಾಖೆಗೂ ಅರ್ಜಿ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. 30 ದಿನದಲ್ಲಿ ಬಗೆಹರಿಯದಿದ್ದರೆ, ಆಮೇಲಿನ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ನಿಮಗೆ ಸಲ್ಲಬೇಕು. 2024ರ ಏಪ್ರಿಲ್‌ನಿಂದ ಈ ನಿಯಮ ಜಾರಿಯಲ್ಲಿದೆ. ಆಗಲೂ ಕದಲದಿದ್ದರೆ ಆರ್‌ಬಿಐ ಒಂಬುಡ್ಸ್‌ಮನ್‌ಗೆ (ಗ್ರಾಹಕರ ದೂರು ಬಗೆಹರಿಸುವ ಅಧಿಕಾರಿ) ದೂರು ಕೊಡಿ, ಮಾಹಿತಿಗೆ 14448.

2025ರಿಂದ ಬ್ಯಾಂಕುಗಳು ಈ ಕಂಪನಿಗಳಿಗೆ ತಿಂಗಳಿಗೆ ಕನಿಷ್ಠ ಎರಡು ಸಲ ಮಾಹಿತಿ ಕಳಿಸಬೇಕು. ತಿದ್ದಿದ್ದೇವೆ ಎಂದು ಉತ್ತರ ಬಂದ ಒಂದು ತಿಂಗಳ ಮೇಲೆ ಉಳಿದ ಮೂರು ಕಂಪನಿಗಳ ವರದಿಯನ್ನೂ ತೆಗೆದು ನೋಡಿ. ಒಂದರಲ್ಲಿ ಸರಿಯಾಗಿ ಇನ್ನೊಂದರಲ್ಲಿ ಹಳೆಯ ಬಾಕಿಯೇ ಉಳಿದಿರಬಹುದು.