ಹ್ಯಾಸ್ಕೆಲ್ ಪ್ರಾಜೆಕ್ಟ್: ಪಕ್ಕದ ಫೋಲ್ಡರಿನ ಪ್ಯಾಕೇಜ್ ಜೋಡಿಸುವುದು, ಟೂಲ್‌ಗಳನ್ನು ಅವುಗಳ ಜಾಗದಲ್ಲಿ ಇಡುವುದು

ಹ್ಯಾಸ್ಕೆಲ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಒಂದೇ ಪ್ಯಾಕೇಜ್ ಇರುವ ಪ್ರಾಜೆಕ್ಟ್ ಸಾಮಾನ್ಯವಾಗಿ ತಂಟೆ ಕೊಡುವುದಿಲ್ಲ. ಕೋಡ್ ಬೆಳೆದು, ಲೈಬ್ರರಿ ಒಂದು ಫೋಲ್ಡರಿಗೆ, ವೆಬ್ ಸರ್ವರ್ ಇನ್ನೊಂದಕ್ಕೆ ಹೋದ ದಿನದಿಂದ ರಗಳೆ ಶುರು. ಪಕ್ಕದ ಫೋಲ್ಡರಿನಲ್ಲೇ ಇರುವ ಪ್ಯಾಕೇಜನ್ನು ಬಿಲ್ಡ್ ‘ಗೊತ್ತಿಲ್ಲ’ ಎನ್ನುತ್ತದೆ. ನಿಮ್ಮಲ್ಲಿ ನಡೆದದ್ದು ಸಹೋದ್ಯೋಗಿಯ ಲ್ಯಾಪ್‌ಟಾಪ್‌ನಲ್ಲಿ ನಡೆಯುವುದಿಲ್ಲ. ಎಡಿಟರ್‌ನಲ್ಲಿ ಫೈಲ್ ತುಂಬ ಕೆಂಪು ಗೆರೆ, ಟರ್ಮಿನಲ್‌ನಲ್ಲಿ ಅದೇ ಫೈಲ್ ಸಲೀಸಾಗಿ ಕಂಪೈಲ್ ಆಗುತ್ತದೆ. ಬಹುಪಾಲು ಸಲ ಕಾರಣ ಒಂದೇ: ಪ್ರಾಜೆಕ್ಟ್ ಫೈಲಿನಲ್ಲಿ ಬರೆದಿಡಬೇಕಾದ್ದನ್ನು ನಮ್ಮ ಯಂತ್ರದಲ್ಲಿ ಇನ್‌ಸ್ಟಾಲ್ ಮಾಡಿ ಸುಮ್ಮನಾಗಿರುತ್ತೇವೆ.

ಹ್ಯಾಸ್ಕೆಲ್‌ನಲ್ಲಿ ಕೋಡ್ ಕಟ್ಟಿ ಪ್ಯಾಕೇಜ್ ಜೋಡಿಸುವ ಟೂಲ್‌ಗಳು ಮುಖ್ಯವಾಗಿ ಎರಡು: ಕಬಾಲ್ ಮತ್ತು ಸ್ಟ್ಯಾಕ್. ಕೆಳಗಿನ ಕ್ರಮ ಕಬಾಲ್ ಬಳಸುವವರಿಗೆ. ಸ್ಟ್ಯಾಕ್ ಬಗ್ಗೆ ಕೊನೆಯಲ್ಲಿದೆ. ಆಜ್ಞೆ, ಫೈಲ್ ಹೆಸರುಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಕೊಟ್ಟಿದೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪಿಸಬೇಕು. ಉದಾಹರಣೆಗೆ ‘ಲೆಕ್ಕ’ ಎಂಬ ಪ್ರಾಜೆಕ್ಟ್ ಇಟ್ಟುಕೊಳ್ಳೋಣ. ಅದರೊಳಗೆ ಎರಡು ಫೋಲ್ಡರ್: ಲೆಕ್ಕ-ಕೋರ್ ಮತ್ತು ಲೆಕ್ಕ-ವೆಬ್. ಎರಡರಲ್ಲೂ ಪ್ಯಾಕೇಜಿನ ವಿವರ ಹೇಳುವ ತಮ್ಮದೇ .ಕಬಾಲ್ ಫೈಲ್ ಇದೆ.

1. ಮೊದಲು ಕಂಪೈಲರ್

ಕಂಪೈಲರ್ ಜಿಎಚ್‌ಸಿಯನ್ನು ಲಿನಕ್ಸ್ ವಿತರಣೆಯ ಭಂಡಾರದಿಂದ ಹಾಕಿಕೊಳ್ಳಬೇಡಿ. ಅಲ್ಲಿ ಸಾಮಾನ್ಯವಾಗಿ ಸಿಗುವುದು ಒಂದೇ ಆವೃತ್ತಿ, ಅದೂ ಹೆಚ್ಚಾಗಿ ಹಳೆಯದಿರುತ್ತದೆ. ಕಂಪೈಲರ್ ಇನ್‌ಸ್ಟಾಲ್ ಮಾಡಿಕೊಡುವ ಜಿಎಚ್‌ಸಿಅಪ್ ಹಾಕಿಕೊಂಡರೆ ಹಲವು ಆವೃತ್ತಿಗಳನ್ನು ಅಕ್ಕಪಕ್ಕ ಇಟ್ಟುಕೊಳ್ಳಬಹುದು. ಉಬುಂಟುವಿನಲ್ಲಿ ಅದಕ್ಕೂ ಮೊದಲು ಬಿಲ್ಡ್-ಎಸೆನ್ಶಿಯಲ್, ಕರ್ಲ್, ಲಿಬ್‌ಜಿಎಂಪಿ-ಡೆವ್, ಲಿಬ್‌ಎಫ್‌ಎಫ್‌ಐ-ಡೆವ್, ಲಿಬ್‌ಎನ್‌ಕರ್ಸಸ್-ಡೆವ್, ಪಿಕೆಜಿ-ಕಾನ್ಫಿಗ್ ಇರಬೇಕು. ಲಿಬ್‌ಜಿಎಂಪಿ-ಡೆವ್ ಬಿಟ್ಟುಹೋದರೆ ಎಲ್ಲವೂ ಕಂಪೈಲ್ ಆಗಿ, ಕಡೆಗೆ ಲಿಂಕ್ ಮಾಡುವಾಗ ‘-ಎಲ್‌ಜಿಎಂಪಿ ಸಿಗಲಿಲ್ಲ’ ಎಂದು ನಿಲ್ಲುತ್ತದೆ.

ಆವೃತ್ತಿ ಆರಿಸುವ ಮುನ್ನ ‘ಜಿಎಚ್‌ಸಿಅಪ್ ಲಿಸ್ಟ್’ ಕೊಟ್ಟು ನೋಡಿ. ಕೆಲವು ಜಿಎಚ್‌ಸಿಗಳ ಎದುರು ‘ಎಚ್‌ಎಲ್‌ಎಸ್-ಪವರ್ಡ್’ ಎಂಬ ಗುರುತಿರುತ್ತದೆ. ಎಡಿಟರ್‌ಗೆ ನೆರವಾಗುವ ಹ್ಯಾಸ್ಕೆಲ್ ಲ್ಯಾಂಗ್ವೇಜ್ ಸರ್ವರ್, ಅಂದರೆ ಎಚ್‌ಎಲ್‌ಎಸ್, ಆ ಆವೃತ್ತಿಗೆ ಸಿದ್ಧವಾಗಿ ಸಿಗುತ್ತದೆ ಎಂದರ್ಥ. ಆ ಗುರುತಿಲ್ಲದ ಹೊಚ್ಚಹೊಸ ಕಂಪೈಲರಿನ ಬೆನ್ನು ಹತ್ತುವುದರಲ್ಲಿ ಲಾಭ ಕಡಿಮೆ. ಇಲ್ಲಿ 9.6.6 ಇಟ್ಟುಕೊಳ್ಳೋಣ:

ಜಿಎಚ್‌ಸಿಅಪ್ ಇನ್‌ಸ್ಟಾಲ್ ಜಿಎಚ್‌ಸಿ 9.6.6

2. ಪಕ್ಕದ ಪ್ಯಾಕೇಜನ್ನು ಪರಿಚಯಿಸುವುದು

ಇಡೀ ಕೆಲಸದ ಬೇರು ಇಲ್ಲಿದೆ. ಲೆಕ್ಕ-ವೆಬ್‌ನ .ಕಬಾಲ್ ಫೈಲಿನಲ್ಲಿ ‘ಬಿಲ್ಡ್-ಡಿಪೆಂಡ್ಸ್’ ಕೆಳಗೆ ಲೆಕ್ಕ-ಕೋರ್ ಎಂದು ಬರೆದರೆ ಅರ್ಧ ಕೆಲಸವಷ್ಟೇ ಆಯಿತು. ‘ಆ ಹೆಸರಿನ ಪ್ಯಾಕೇಜ್ ಬೇಕು’ ಎಂದು ಹೇಳಿದ್ದಾಯಿತು, ಅದು ಎಲ್ಲಿದೆ ಎಂದು ಹೇಳಲಿಲ್ಲ. ಕಬಾಲ್ ಅದನ್ನು ಸಾರ್ವಜನಿಕ ಭಂಡಾರವಾದ ಹ್ಯಾಕೇಜ್‌ನ ಪಟ್ಟಿಯಲ್ಲಿ ಹುಡುಕಿ, ಕಾಣದೆ, ‘ಅನ್‌ನೋನ್ ಪ್ಯಾಕೇಜ್: ಲೆಕ್ಕ-ಕೋರ್’ ಎನ್ನುತ್ತದೆ.

ಜಾಗ ಹೇಳುವುದು ಕಬಾಲ್.ಪ್ರಾಜೆಕ್ಟ್ ಎಂಬ ಫೈಲ್. ಇದು ಎರಡೂ ಫೋಲ್ಡರುಗಳ ಮೇಲಿನ ಹಂತದಲ್ಲಿ, ಪ್ರಾಜೆಕ್ಟಿನ ಬುಡದಲ್ಲಿರಬೇಕು:

ಪ್ಯಾಕೇಜಸ್: ./ಲೆಕ್ಕ-ಕೋರ್ ./ಲೆಕ್ಕ-ವೆಬ್
ವಿತ್-ಕಂಪೈಲರ್: ಜಿಎಚ್‌ಸಿ-9.6.6
ಇಂಡೆಕ್ಸ್-ಸ್ಟೇಟ್: 2024-10-01ಟಿ00:00:00ಝಡ್

ಮೊದಲ ಸಾಲು ಸ್ಥಳೀಯ ಪ್ಯಾಕೇಜ್‌ಗಳ ಪಟ್ಟಿ. ಎರಡನೆಯದು ಎಲ್ಲರೂ ಒಂದೇ ಕಂಪೈಲರ್ ಬಳಸುವಂತೆ ಮಾಡುತ್ತದೆ. ಆ ಆವೃತ್ತಿ ಇಲ್ಲದವರಿಗೆ ಬಿಲ್ಡ್ ಆರಂಭದಲ್ಲೇ ತಪ್ಪು ತೋರಿಸಿ ನಿಲ್ಲುತ್ತದೆ, ಅದು ಒಳ್ಳೆಯದೇ. ಮೂರನೆಯದು ಹ್ಯಾಕೇಜ್ ಆ ಗಳಿಗೆಯಲ್ಲಿ ಹೇಗಿತ್ತೋ ಹಾಗೆ ನೋಡು ಎಂಬ ಸೂಚನೆ. ನಂತರ ಬಂದ ಹೊಸ ಆವೃತ್ತಿಗಳು ನಿಮ್ಮ ಬಿಲ್ಡ್‌ನೊಳಗೆ ತಾವಾಗಿ ನುಸುಳುವುದಿಲ್ಲ. ಈ ತಾರೀಖು ನಿಮ್ಮ ಯಂತ್ರದಲ್ಲಿರುವ ಪಟ್ಟಿಗಿಂತ ಮುಂದಿದ್ದರೆ ಒಮ್ಮೆ ‘ಕಬಾಲ್ ಅಪ್‌ಡೇಟ್’ ಓಡಿಸಬೇಕು.

ಕಬಾಲ್ ನೀವು ನಿಂತ ಫೋಲ್ಡರಿನಿಂದ ಮೇಲಕ್ಕೆ ಹುಡುಕುತ್ತ ಈ ಫೈಲನ್ನು ಕಂಡುಕೊಳ್ಳುತ್ತದೆ. ಹಾಗಾಗಿ ಲೆಕ್ಕ-ವೆಬ್ ಒಳಗಿಂದಲೂ ಬಿಲ್ಡ್ ನಡೆಯುತ್ತದೆ. ಎಲ್ಲವನ್ನೂ ಕಟ್ಟಲು ‘ಕಬಾಲ್ ಬಿಲ್ಡ್ ಆಲ್’, ಒಂದನ್ನೇ ಕಟ್ಟಲು ‘ಕಬಾಲ್ ಬಿಲ್ಡ್ ಲೆಕ್ಕ-ವೆಬ್’. ಕೋರ್‌ನಲ್ಲಿ ಒಂದು ಸಾಲು ಬದಲಿಸಿ ವೆಬ್ ಕಟ್ಟಿದರೆ ಕೋರ್ ತಾನಾಗಿ ಮತ್ತೆ ಕಟ್ಟಲ್ಪಡುತ್ತದೆ. ಕೋರನ್ನು ಎಲ್ಲಿಯೂ ‘ಇನ್‌ಸ್ಟಾಲ್’ ಮಾಡುವ ಅಗತ್ಯವಿಲ್ಲ.

ಕಾರಣ ಹೀಗೆ: ಹ್ಯಾಕೇಜ್‌ನಿಂದ ಬಂದ ಪ್ಯಾಕೇಜ್‌ಗಳನ್ನು ಕಬಾಲ್ ಒಮ್ಮೆ ಕಟ್ಟಿ, ಹ್ಯಾಶ್ ಸಮೇತ ಹೆಸರಿಟ್ಟು, ಎಲ್ಲ ಪ್ರಾಜೆಕ್ಟುಗಳಿಗೂ ಸಾಮಾನ್ಯವಾದ ಸ್ಟೋರ್‌ನಲ್ಲಿ ಇಡುತ್ತದೆ. ಒಂದೇ ಲೈಬ್ರರಿಯ ಬೇರೆ ಬೇರೆ ಆವೃತ್ತಿಗಳು ಅಲ್ಲಿ ಜಗಳವಿಲ್ಲದೆ ಇರುತ್ತವೆ. ದಿನವೂ ಬದಲಾಗುವ ಸ್ಥಳೀಯ ಪ್ಯಾಕೇಜ್‌ಗಳು ಮಾತ್ರ ಪ್ರಾಜೆಕ್ಟಿನ ಡಿಸ್ಟ್-ನ್ಯೂಸ್ಟೈಲ್ ಫೋಲ್ಡರಿನಲ್ಲೇ ಉಳಿಯುತ್ತವೆ. 2019ರ ಕಬಾಲ್ 3.0ರಿಂದ ಇದೇ ಸಹಜ ನಡೆ. ಹಳೆಯ ಪಾಠಗಳಲ್ಲಿ ‘ಕಬಾಲ್ ಸ್ಯಾಂಡ್‌ಬಾಕ್ಸ್ ಆ್ಯಡ್-ಸೋರ್ಸ್’ ಎಂದು ಕಂಡರೆ ಆ ಪಾಠವನ್ನೇ ಬಿಟ್ಟುಬಿಡಿ.

3. ಆವೃತ್ತಿ ಕೂಡದಿದ್ದಾಗ

ಲೆಕ್ಕ-ಕೋರ್ 0.2.0 ಇತ್ತು, ವೆಬ್ ಫೈಲಿನಲ್ಲಿ ‘ಲೆಕ್ಕ-ಕೋರ್ ^>=0.2’ ಎಂದಿತ್ತು. ಯಾರೋ ಕೋರನ್ನು 0.3.0 ಮಾಡಿದರು. ಹ್ಯಾಸ್ಕೆಲ್ ಲೋಕದ ಆವೃತ್ತಿ ನಿಯಮದಲ್ಲಿ ಮೊದಲ ಎರಡು ಅಂಕಿ ಸೇರಿ ಮುಖ್ಯ ಆವೃತ್ತಿ; ^>=0.2 ಎಂದರೆ 0.2 ಅಥವಾ ಮೇಲೆ, ಆದರೆ 0.3ಕ್ಕಿಂತ ಕೆಳಗೆ. ಈಗ ಬಿಲ್ಡ್ ನಿಲ್ಲುತ್ತದೆ. ತಪ್ಪಿನ ಸಂದೇಶದಲ್ಲಿ ‘ಕನ್‌ಸ್ಟ್ರೇಂಟ್ ಫ್ರಮ್ ಯೂಸರ್ ಟಾರ್ಗೆಟ್’ ಎಂಬ ಮಾತು ಕಂಡರೆ ಹೀಗೆ ಓದಿಕೊಳ್ಳಿ: ಪಟ್ಟಿಗೆ ಸೇರಿಸಿದ ಸ್ಥಳೀಯ ಪ್ಯಾಕೇಜನ್ನೇ ಕಬಾಲ್ ಬಳಸುತ್ತದೆ, ಅದೇ ಹೆಸರಿನದು ಹ್ಯಾಕೇಜ್‌ನಲ್ಲಿದ್ದರೂ ಅತ್ತ ನೋಡುವುದಿಲ್ಲ. ಪರಿಹಾರ, ವೆಬ್ ಫೈಲಿನ ಮಿತಿ ತಿದ್ದುವುದು.

ಇನ್ನೊಂದು ಮಾಮೂಲಿ ತಪ್ಪು ‘ಬೇಸ್’ ಎಂಬ ಮೂಲ ಲೈಬ್ರರಿಯದು. ಅದು ಕಂಪೈಲರಿಗೆ ಅಂಟಿಕೊಂಡೇ ಬರುತ್ತದೆ: ಜಿಎಚ್‌ಸಿ 9.4ಕ್ಕೆ ಬೇಸ್ 4.17, 9.6ಕ್ಕೆ 4.18, 9.8ಕ್ಕೆ 4.19. ಯಾವುದೋ ಹಳೆಯ ಪ್ಯಾಕೇಜ್ ‘ಬೇಸ್ <4.18’ ಎಂದು ಕೇಳಿದರೆ 9.6ರಲ್ಲಿ ಬೇರೆ ಬೇಸ್ ಹಾಕಿಕೊಳ್ಳಲು ಬರುವುದಿಲ್ಲ. ಮಿತಿ ಸುಮ್ಮನೆ ಬಿಗಿಯಾಗಿದೆ, ಕೋಡ್ ಸರಿಯಿದೆ ಎನಿಸಿದರೆ ಕಬಾಲ್.ಪ್ರಾಜೆಕ್ಟ್‌ನಲ್ಲಿ ‘ಅಲೌ-ನ್ಯೂಯರ್:’ ಬರೆದು, ಮುಂದೆ ಆ ಪ್ಯಾಕೇಜಿನ ಹೆಸರು, ಕೋಲನ್, ಬೇಸ್ ಎಂದು ಕೊಡಿ. ಹೆಸರಿಲ್ಲದೆ ‘ಅಲೌ-ನ್ಯೂಯರ್: *’ ಎಂದು ಬರೆಯುವವರಿದ್ದಾರೆ. ಆಗ ಎಲ್ಲರ ಮೇಲ್ಮಿತಿಯೂ ಸಡಿಲವಾಗಿ, ಸಂಬಂಧವೇ ಇಲ್ಲದ ಯಾವುದೋ ಲೈಬ್ರರಿ ಕಂಪೈಲ್ ಆಗದೆ ಕೂರುತ್ತದೆ.

4. ಬೇರೆಯವರ ಪ್ಯಾಕೇಜನ್ನು ತಿದ್ದಿ ಬಳಸುವುದು

ಹ್ಯಾಕೇಜ್‌ನ ಲೈಬ್ರರಿಯೊಂದರಲ್ಲಿ ಎರಡು ಸಾಲು ತಿದ್ದಬೇಕಿದೆ ಎನ್ನಿ. ‘ಕಬಾಲ್ ಗೆಟ್’ ಆಜ್ಞೆಗೆ ಪ್ಯಾಕೇಜ್ ಹೆಸರು-ಆವೃತ್ತಿ ಕೊಟ್ಟರೆ ಮೂಲ ಕೋಡ್ ಇಳಿಯುತ್ತದೆ. ಅದನ್ನು ವೆಂಡರ್ ಎಂಬ ಫೋಲ್ಡರಿನಲ್ಲಿಟ್ಟು ‘ಪ್ಯಾಕೇಜಸ್’ ಪಟ್ಟಿಗೆ ಸೇರಿಸಿ. ಇಲ್ಲೊಂದು ಗುಂಡಿ ಇದೆ. ಕಬಾಲ್.ಪ್ರಾಜೆಕ್ಟ್‌ನಲ್ಲಿ ‘ಟೆಸ್ಟ್ಸ್: ಟ್ರೂ’ ಎಂದಿದ್ದರೆ ಅದು ಎಲ್ಲ ಸ್ಥಳೀಯ ಪ್ಯಾಕೇಜ್‌ಗೂ ಅನ್ವಯ. ಇಳಿಸಿಕೊಂಡ ಲೈಬ್ರರಿಯೂ ಈಗ ಸ್ಥಳೀಯವಾದ್ದರಿಂದ, ಅದರ ಟೆಸ್ಟ್‌ಗೆ ಬೇಕಾದ ಹತ್ತಾರು ಪ್ಯಾಕೇಜ್‌ಗಳೂ ಲೆಕ್ಕಕ್ಕೆ ಬಂದು ಹೊಸ ತಕರಾರು ಹುಟ್ಟುತ್ತದೆ. ‘ಪ್ಯಾಕೇಜ್’ ಎಂಬ ವಿಭಾಗದಲ್ಲಿ ಆ ಲೈಬ್ರರಿಯ ಹೆಸರು ಬರೆದು, ಕೆಳಗೆ ‘ಟೆಸ್ಟ್ಸ್: ಫಾಲ್ಸ್’ ಎಂದರೆ ಸಾಕು.

ತಿದ್ದಿದ ಕೋಡ್ ಗಿಟ್‌ನಲ್ಲಿದ್ದರೆ ‘ಸೋರ್ಸ್-ರಿಪಾಸಿಟರಿ-ಪ್ಯಾಕೇಜ್’ ವಿಭಾಗ ಬಳಸಿ: ‘ಟೈಪ್: ಗಿಟ್’, ‘ಲೊಕೇಶನ್’ಗೆ ವಿಳಾಸ, ‘ಟ್ಯಾಗ್’ಗೆ ಕಮಿಟ್‌ನ ಪೂರ್ತಿ ಹ್ಯಾಶ್. ಬ್ರ್ಯಾಂಚ್ ಹೆಸರು ಕೊಟ್ಟರೂ ನಡೆಯುತ್ತದೆ, ಆದರೆ ಕೊಡಬಾರದು. ಬ್ರ್ಯಾಂಚ್ ಮುಂದೆ ಸಾಗಿದಂತೆ ನಿಮ್ಮ ಬಿಲ್ಡ್ ಯಾವ ಕೋಡಿನದು ಎಂಬುದೇ ತಿಳಿಯದಾಗುತ್ತದೆ. ಪ್ಯಾಕೇಜ್ ಗಿಟ್‌ನ ಒಳಫೋಲ್ಡರಿನಲ್ಲಿದ್ದರೆ ‘ಸಬ್‌ಡಿರ್’ ಸಾಲನ್ನೂ ಸೇರಿಸಬೇಕು.

5. ಟೂಲ್‌ಗಳಲ್ಲಿ ಎರಡು ಜಾತಿ

ಬಿಲ್ಡ್ ನಡೆಯಲು ಬೇಕೇಬೇಕಾದ ಟೂಲ್‌ಗಳು ಒಂದು ಜಾತಿ: ಲೆಕ್ಸರ್, ಪಾರ್ಸರ್ ಕೋಡ್ ಹುಟ್ಟಿಸುವ ಅಲೆಕ್ಸ್, ಹ್ಯಾಪಿ, ಟೆಸ್ಟ್ ಫೈಲ್‌ಗಳನ್ನು ಹುಡುಕಿಕೊಡುವ ಎಚ್‌ಸ್ಪೆಕ್-ಡಿಸ್ಕವರ್ ಇಂಥವು. ಬರೆಯುವವರ ಅನುಕೂಲಕ್ಕೆ ಇರುವಂಥವು ಇನ್ನೊಂದು: ಕೋಡಿಗೆ ಸುಧಾರಣೆ ಸೂಚಿಸುವ ಎಚ್‌ಲಿಂಟ್, ಸಾಲುಗಳನ್ನು ಅಂದವಾಗಿ ಜೋಡಿಸುವ ಫಾರ್ಮ್ಯಾಟರ್ ಫೋರ್ಮೊಲು, ಫೈಲ್ ಉಳಿಸಿದಾಗಲೆಲ್ಲ ತಪ್ಪು ತೋರಿಸುವ ಜಿಎಚ್‌ಸಿಐಡಿ. ಇವನ್ನು ಕಲಸಬಾರದು.

ಮೊದಲ ಜಾತಿಯದನ್ನು .ಕಬಾಲ್ ಫೈಲಿನಲ್ಲೇ ಬರೆಯಬೇಕು. ಟೆಸ್ಟ್ ವಿಭಾಗದಲ್ಲಿ:

ಬಿಲ್ಡ್-ಟೂಲ್-ಡಿಪೆಂಡ್ಸ್: ಎಚ್‌ಸ್ಪೆಕ್-ಡಿಸ್ಕವರ್:ಎಚ್‌ಸ್ಪೆಕ್-ಡಿಸ್ಕವರ್

ಕೋಲನ್ನಿನ ಎಡಕ್ಕೆ ಪ್ಯಾಕೇಜ್, ಬಲಕ್ಕೆ ಅದರೊಳಗಿನ ಪ್ರೋಗ್ರಾಂ ಹೆಸರು. ಹೀಗೆ ಬರೆದರೆ ಕಬಾಲ್ ತಾನೇ ಅದನ್ನು ಕಟ್ಟಿ, ಬಿಲ್ಡ್ ವೇಳೆಗೆ ಪಾಥ್‌ಗೆ, ಅಂದರೆ ಪ್ರೋಗ್ರಾಂ ಹುಡುಕುವ ಜಾಗಗಳ ಪಟ್ಟಿಗೆ, ಸೇರಿಸುತ್ತದೆ. ಬರೆಯದೆ ನಿಮ್ಮ ಯಂತ್ರದಲ್ಲಿ ಇನ್‌ಸ್ಟಾಲ್ ಮಾಡಿಕೊಂಡಿದ್ದರೆ ನಿಮಗೆ ಏನೂ ಗೊತ್ತಾಗುವುದಿಲ್ಲ, ಹೊಸ ಯಂತ್ರದಲ್ಲಿ ಮಾತ್ರ ‘ಕುಡ್ ನಾಟ್ ಎಕ್ಸಿಕ್ಯೂಟ್: ಎಚ್‌ಸ್ಪೆಕ್-ಡಿಸ್ಕವರ್’ ಬರುತ್ತದೆ. ಟೆಸ್ಟ್‌ಗೆ ಬೇಕಾದ್ದನ್ನು ಟೆಸ್ಟ್ ವಿಭಾಗದಲ್ಲೇ ಇಡಿ. ಲೈಬ್ರರಿ ವಿಭಾಗದಲ್ಲಿಟ್ಟರೆ ನಿಮ್ಮ ಲೈಬ್ರರಿ ಬಳಸುವ ಪ್ರತಿಯೊಬ್ಬರೂ ಆ ಟೂಲನ್ನು ಕಟ್ಟಬೇಕಾಗುತ್ತದೆ.

ಎರಡನೆಯ ಜಾತಿಯದನ್ನು ಪ್ರಾಜೆಕ್ಟ್ ಹೊರಗೆ ಹಾಕಿಕೊಳ್ಳಿ:

ಕಬಾಲ್ ಇನ್‌ಸ್ಟಾಲ್ --ಇಗ್ನೋರ್-ಪ್ರಾಜೆಕ್ಟ್ ಎಚ್‌ಲಿಂಟ್-3.8

ಈ --ಇಗ್ನೋರ್-ಪ್ರಾಜೆಕ್ಟ್ ಇಲ್ಲದೆ ಪ್ರಾಜೆಕ್ಟ್ ಫೋಲ್ಡರಿನೊಳಗೆ ನಿಂತು ಓಡಿಸಿದರೆ ಕಬಾಲ್ ಮೊದಲು ನಿಮ್ಮ ಕಬಾಲ್.ಪ್ರಾಜೆಕ್ಟ್ ಓದುತ್ತದೆ. ನಿಮ್ಮ ಕೋಡಿಗೆ ಹಾಕಿಕೊಂಡ ಮಿತಿಗಳು ಟೂಲ್‌ನ ಮೇಲೂ ಬೀಳುತ್ತವೆ, ಕಾರಣ ಹೊಳೆಯದ ತಪ್ಪು ಬರುತ್ತದೆ. ಎಚ್‌ಲಿಂಟ್, ಫೋರ್ಮೊಲು ಎರಡೂ ಜಿಎಚ್‌ಸಿ-ಲಿಬ್-ಪಾರ್ಸರ್ ಎಂಬ ಭಾರೀ ಪ್ಯಾಕೇಜ್ ಅವಲಂಬಿಸಿವೆ. ಕಡಿಮೆ ಮೆಮೊರಿಯ ಲ್ಯಾಪ್‌ಟಾಪ್ ಅದನ್ನು ಕಟ್ಟುವಾಗ ಏದುಸಿರು ಬಿಡುತ್ತದೆ. ಇವುಗಳ ಸಿದ್ಧ ಬೈನರಿ ಗಿಟ್‌ಹಬ್‌ನಲ್ಲಿ ಸಿಗುತ್ತದೆ, ಅದೇ ವಾಸಿ. ಫಾರ್ಮ್ಯಾಟರ್‌ನ ಆವೃತ್ತಿಯನ್ನು ತಂಡದವರೆಲ್ಲ ಒಂದೇ ಇಟ್ಟುಕೊಳ್ಳಬೇಕು. ಇಲ್ಲದಿದ್ದರೆ ಒಬ್ಬರು ಜೋಡಿಸಿದ ಸಾಲುಗಳನ್ನು ಇನ್ನೊಬ್ಬರ ಯಂತ್ರ ಮತ್ತೆ ಒಡೆಯುತ್ತದೆ.

‘ಕಬಾಲ್ ಇನ್‌ಸ್ಟಾಲ್ --ಲಿಬ್’ ಎಂಬುದನ್ನು ಮರೆತುಬಿಡಿ. ಅದು ಹೋಮ್ ಫೋಲ್ಡರಿನ ಅಡಗಿದ ಎನ್ವಿರಾನ್ಮೆಂಟ್ ಫೈಲ್ ಒಂದರಲ್ಲಿ ಬರೆದಿಡುತ್ತದೆ, ಜಿಎಚ್‌ಸಿ ಅದನ್ನು ಎಲ್ಲೆಡೆ ಓದುತ್ತದೆ. ತಿಂಗಳುಗಳ ನಂತರ ಬೇರೆಲ್ಲೋ ಅದರ ಫಲ ಉಣ್ಣಬೇಕಾಗುತ್ತದೆ. ಏನಾದರೂ ಪರೀಕ್ಷಿಸಿ ನೋಡಬೇಕೆಂದರೆ ‘ಕಬಾಲ್ ರೆಪ್ಲ್ --ಬಿಲ್ಡ್-ಡಿಪೆಂಡ್ಸ್’ ಮುಂದೆ ಪ್ಯಾಕೇಜ್ ಹೆಸರು ಕೊಡಿ. ಆ ಒಂದು ಅವಧಿಗೆ ಮಾತ್ರ ಅದು ಸೇರುತ್ತದೆ.

6. ಎಡಿಟರ್

ಎಚ್‌ಎಲ್‌ಎಸ್ ಮಾತ್ರ ಮೇಲಿನ ಎರಡರಲ್ಲೂ ಸೇರದು. ಅದು ಜಿಎಚ್‌ಸಿಯನ್ನೇ ತನ್ನೊಳಗೆ ಇಟ್ಟುಕೊಂಡಿರುವುದರಿಂದ ನಿಮ್ಮ ಪ್ರಾಜೆಕ್ಟಿನ ಕಂಪೈಲರ್ 9.6.6 ಆದರೆ ಎಚ್‌ಎಲ್‌ಎಸ್ ಕೂಡ 9.6.6ರಿಂದಲೇ ಕಟ್ಟಿದ್ದಾಗಿರಬೇಕು. 9.6.5 ಆಗದು. ‘ಜಿಎಚ್‌ಸಿಅಪ್ ಇನ್‌ಸ್ಟಾಲ್ ಎಚ್‌ಎಲ್‌ಎಸ್’ ಕೊಟ್ಟರೆ ಹಲವು ಜಿಎಚ್‌ಸಿಗಳ ಬೈನರಿ ಒಟ್ಟಿಗೆ ಬರುತ್ತವೆ, ರ‍್ಯಾಪರ್ ಎಂಬ ಪ್ರೋಗ್ರಾಂ ಸರಿಯಾದ್ದನ್ನು ಆರಿಸುತ್ತದೆ.

ಕೆಂಪು ಗೆರೆ ಹೋಗದಿದ್ದರೆ ಎಡಿಟರ್ ಮುಚ್ಚಿ, ಪ್ರಾಜೆಕ್ಟಿನ ಬುಡದಲ್ಲಿ ನಿಂತು ‘ಹ್ಯಾಸ್ಕೆಲ್-ಲ್ಯಾಂಗ್ವೇಜ್-ಸರ್ವರ್-ರ‍್ಯಾಪರ್’ ಅನ್ನು ಟರ್ಮಿನಲ್‌ನಲ್ಲೇ ಓಡಿಸಿ. ಎಷ್ಟು ಫೈಲ್ ಓದಲು ಬಂತು, ಎಷ್ಟು ಬರಲಿಲ್ಲ ಎಂದು ಕೊನೆಯಲ್ಲಿ ಹೇಳುತ್ತದೆ; ನಿಜವಾದ ತಪ್ಪು ಅದರ ಮೇಲಿನ ಸಾಲುಗಳಲ್ಲಿರುತ್ತದೆ. ಎಡಿಟರ್‌ನಲ್ಲಿ ಲೆಕ್ಕ-ವೆಬ್ ಫೋಲ್ಡರನ್ನಲ್ಲ, ಇಡೀ ಲೆಕ್ಕ ಫೋಲ್ಡರನ್ನು ತೆರೆಯಬೇಕು ಎಂಬ ಸಣ್ಣ ವಿಷಯವೇ ಎಷ್ಟೋ ಸಲ ಉತ್ತರ.

7. ಗಿಟ್‌ಗೆ ಏನು ಹೋಗಬೇಕು, ಏನು ಬೇಡ

ಕಬಾಲ್.ಪ್ರಾಜೆಕ್ಟ್ ಗಿಟ್‌ಗೆ ಹೋಗಬೇಕು. ಡಿಸ್ಟ್-ನ್ಯೂಸ್ಟೈಲ್ ಬೇಡ. ಕಬಾಲ್.ಪ್ರಾಜೆಕ್ಟ್.ಲೋಕಲ್ ಕೂಡ ಬೇಡ. ‘ಕಬಾಲ್ ಕಾನ್ಫಿಗರ್’ ಓಡಿಸಿದಾಗ ಹುಟ್ಟುವ ಈ ಫೈಲ್ ಮುಖ್ಯ ಫೈಲನ್ನು ಮೀರಿ ನಡೆಯುತ್ತದೆ. ‘ನನ್ನಲ್ಲಿ ಮಾತ್ರ ಹೀಗಾಗುತ್ತಿದೆ’ ಎನ್ನುವವರು ಮೊದಲು ಅದು ಉಳಿದಿದೆಯೇ ನೋಡಬೇಕು.

‘ಕಬಾಲ್ ಫ್ರೀಜ್’ ಪ್ರತಿ ಪ್ಯಾಕೇಜಿನ ಆವೃತ್ತಿಯನ್ನೂ ಕಬಾಲ್.ಪ್ರಾಜೆಕ್ಟ್.ಫ್ರೀಜ್ ಎಂಬ ಫೈಲಿನಲ್ಲಿ ಬರೆದು ಕಟ್ಟಿಹಾಕುತ್ತದೆ, ಬೇಸ್ ಸಹಿತ. ಹಾಗಾಗಿ ಕಂಪೈಲರ್ ಬದಲಿಸಿದ ಕೂಡಲೇ ಆ ಫೈಲ್ ತಡೆಯೊಡ್ಡುತ್ತದೆ. ಅಳಿಸಿ ಹೊಸದಾಗಿ ಮಾಡಿಸಬೇಕು. ಸರ್ವರಿಗೆ ಏರಿಸುವ ಪ್ರೋಗ್ರಾಂಗೆ ಫ್ರೀಜ್ ಸರಿ. ಉಳಿದವಕ್ಕೆ ಇಂಡೆಕ್ಸ್-ಸ್ಟೇಟ್ ಸಾಲು ಸಾಕು.

8. ಸ್ಟ್ಯಾಕ್ ಬಳಸುವವರಿಗೆ

ಸ್ಟ್ಯಾಕ್.ಯಾಮಲ್ ಫೈಲಿನಲ್ಲಿ ‘ಸ್ನ್ಯಾಪ್‌ಶಾಟ್’ ಸಾಲು ಕಂಪೈಲರ್ ಮತ್ತು ಲೈಬ್ರರಿಗಳ ಆವೃತ್ತಿಯನ್ನು ಒಟ್ಟಿಗೆ ಹಿಡಿದಿಡುತ್ತದೆ: ಎಲ್‌ಟಿಎಸ್ 22ರ ಸರಣಿ ಜಿಎಚ್‌ಸಿ 9.6ರದು, 23ರದು 9.8. ನೀವೇ ಬರೆಯುವ ಫೋಲ್ಡರುಗಳು ‘ಪ್ಯಾಕೇಜಸ್’ ಕೆಳಗೆ. ಇಳಿಸಿಕೊಂಡು ತಿದ್ದಿದವು ‘ಎಕ್ಸ್‌ಟ್ರಾ-ಡೆಪ್ಸ್’ ಕೆಳಗೆ. ಅಲ್ಲಿಟ್ಟರೆ ಅವುಗಳ ಟೆಸ್ಟ್ ಓಡುವುದಿಲ್ಲ, ಮೇಲೆ ಹೇಳಿದ ತಕರಾರೂ ಇಲ್ಲ. ಟೂಲ್ ವಿಷಯದಲ್ಲಿ ಸ್ಟ್ಯಾಕ್ ಒಂದು ಹೆಜ್ಜೆ ಮುಂದಿದೆ: ‘ಸ್ಟ್ಯಾಕ್ ಬಿಲ್ಡ್ --ಕಾಪಿ-ಕಂಪೈಲರ್-ಟೂಲ್ ಎಚ್‌ಲಿಂಟ್’ ಎಂದರೆ ಆ ಕಂಪೈಲರ್ ಆವೃತ್ತಿಗೆಂದೇ ಬೇರೆ ಜಾಗದಲ್ಲಿ ಟೂಲ್ ಕೂರುತ್ತದೆ, ‘ಸ್ಟ್ಯಾಕ್ ಎಕ್ಸೆಕ್’ ಮೂಲಕ ಓಡುತ್ತದೆ.

ಸಿ ಭಾಷೆಯ ಲೈಬ್ರರಿಗಳನ್ನು ಕಬಾಲ್ ಆಗಲಿ ಸ್ಟ್ಯಾಕ್ ಆಗಲಿ ತಾವಾಗಿ ತರುವುದಿಲ್ಲ. ಪೋಸ್ಟ್‌ಗ್ರೆಸ್ ಬಳಸುವ ಪ್ಯಾಕೇಜ್ ‘ಪಿಜಿ_ಕಾನ್ಫಿಗ್ ಸಿಗಲಿಲ್ಲ’ ಎಂದರೆ ಉಬುಂಟುವಿನಲ್ಲಿ ಲಿಬ್‌ಪಿಕ್ಯೂ-ಡೆವ್ ಹಾಕಬೇಕು; ‘ಝಡ್’ ಎಂಬ ಲೈಬ್ರರಿ ಇಲ್ಲ ಎಂದರೆ ಝಡ್‌ಲಿಬ್1ಜಿ-ಡೆವ್. ಇದನ್ನೂ ಪ್ರಾಜೆಕ್ಟಿನೊಳಗೇ ಬರೆದಿಡಬೇಕೆನ್ನುವವರು ನಿಕ್ಸ್ ಎಂಬ ಪ್ಯಾಕೇಜ್ ವ್ಯವಸ್ಥೆಯ ಕಡೆ ಹೋಗುತ್ತಾರೆ. ಬೆಂಗಳೂರಿನ ಆಟೊ ಆ್ಯಪ್ ‘ನಮ್ಮ ಯಾತ್ರಿ’ಯ ಸರ್ವರ್ ಭಾಗ ಹ್ಯಾಸ್ಕೆಲ್‌ನಲ್ಲಿದ್ದು, ನಿಕ್ಸ್‌ನಿಂದ ಕಟ್ಟಲಾಗುತ್ತದೆ. ಕೋಡ್ ಗಿಟ್‌ಹಬ್‌ನಲ್ಲಿ ತೆರೆದೇ ಇದೆ; ದೊಡ್ಡ ಪ್ರಾಜೆಕ್ಟಿನ ಫೋಲ್ಡರ್ ವ್ಯವಸ್ಥೆ ಹೇಗಿರುತ್ತದೆಂದು ನೋಡಬಹುದು. ಇಬ್ಬರು ಮೂವರ ತಂಡಕ್ಕೆ ನಿಕ್ಸ್ ಕಲಿಯುವ ಶ್ರಮ ಹೆಚ್ಚಾದೀತು.

ಡಿಸ್ಕ್ ತುಂಬಿದಾಗ

ಸ್ಟೋರ್ ಬೆಳೆಯುತ್ತಲೇ ಹೋಗುತ್ತದೆ, ಕಬಾಲ್ ತಾನಾಗಿ ಏನನ್ನೂ ಅಳಿಸುವುದಿಲ್ಲ. ಒಳಗೆ ಕಂಪೈಲರ್ ಆವೃತ್ತಿಗೊಂದು ಫೋಲ್ಡರ್ ಇರುತ್ತದೆ. ಬಳಸದ ಆವೃತ್ತಿಯದನ್ನು ಇಡಿಯಾಗಿ ಅಳಿಸಬಹುದು. ಒಳಗಿನ ಒಂದೊಂದೇ ಪ್ಯಾಕೇಜ್ ಫೋಲ್ಡರನ್ನು ಆರಿಸಿ ಅಳಿಸಬಾರದು, ಸ್ಟೋರ್‌ನಲ್ಲಿ ಏನೇನಿದೆ ಎಂಬ ಪಟ್ಟಿ ಹಾಳಾಗುತ್ತದೆ. ಲಿನಕ್ಸ್, ಮ್ಯಾಕ್‌ಗಳಲ್ಲಿ ‘ಕಬಾಲ್ ಇನ್‌ಸ್ಟಾಲ್’ ಹಾಕಿದ ಟೂಲ್ ಸ್ಟೋರ್‌ನತ್ತ ತೋರಿಸುವ ಕೊಂಡಿ ಮಾತ್ರ. ಎಚ್‌ಲಿಂಟ್ ಅನ್ನು ಹಳೆಯ ಜಿಎಚ್‌ಸಿಯಿಂದ ಕಟ್ಟಿದ್ದರೆ, ಆ ಫೋಲ್ಡರ್ ಹೋದ ಕೂಡಲೇ ಕೊಂಡಿ ಮುರಿಯುತ್ತದೆ. ಆಗ --ಓವರ್‌ರೈಟ್-ಪಾಲಿಸಿ=ಆಲ್ವೇಸ್ ಸೇರಿಸಿ ಮತ್ತೆ ಇನ್‌ಸ್ಟಾಲ್ ಮಾಡಿ.