ಹಸೆ ಚಿತ್ತಾರಾನ ಫೋನಲ್ಲಿ ತೋರಿಸೋದು: ನನ್ನ ಅನುಭವ

ಮುಗಿದ ಚಿತ್ತಾರದ ಫೋಟೋಕ್ಕಿಂತ ಬರೀತಾ ಇರೋ ಕೈಯಿನ ವಿಡಿಯೋನೇ ಜನ ನಿಂತು ನೋಡ್ತಾರೆ. ನಮ್ಮದು ಶಿರಸಿ ಸಿದ್ದಾಪುರ ಕಡೆಯ ದೀವರು ಸಮುದಾಯದ ಮನೆ, ಮದುವೆ ಅಂದ್ರೆ ಮದುಮಕ್ಕಳು ಕೂರೋ ಕಡೆ ಗೋಡೆ ಮೇಲೆ ಹಸೆ ಚಿತ್ತಾರ ಬರೀಬೇಕು, ಗದ್ದೆಗೆ ಪೂಜೆ ಮಾಡೋ ಭೂಮಿ ಹುಣ್ಣಿಮೆ ಹಬ್ಬ ಅಂದ್ರೆ ಎಡೆ ಒಯ್ಯೋ ಭೂಮಣ್ಣಿ ಬುಟ್ಟಿ ಮೇಲೆ ಬರೀಬೇಕು, ಅದನ್ನ ನೋಡ್ತಾನೇ ಬೆಳೆದೋರು ನಾವು. ಈಗ ನಾನು ಬುಟ್ಟಿ, ಬಟ್ಟೆ, ಹಲಗೆ ಮೇಲೆ ಚಿತ್ತಾರ ಬರೆದು ಮಾರ್ತೀನಿ, ಗಿರಾಕಿಗಳು ಹೆಚ್ಚಿನೋರು ಫೋನಿಂದ್ಲೇ ಸಿಕ್ಕೋರು.

ಇನ್‌ಸ್ಟಾಗ್ರಾಮಿನ ಸಣ್ಣ ವಿಡಿಯೋ, ಅಂದ್ರೆ ರೀಲ್ಸ್, ನಮ್ಮ ದೇಶಕ್ಕೆ ಬಂದಿದ್ದು 2020ರಲ್ಲಿ, ಟಿಕ್‌ಟಾಕ್ ನಿಂತ ಮೇಲೆ. ನಾನು ಹಾಕೋದು ಒಂದು ರೀಲಲ್ಲಿ ಒಂದೇ ಕೆಲಸ. ಪುಂಡಿ ನಾರು ಜಜ್ಜಿ ಕುಂಚ ಮಾಡೋದು ಒಂದು, ಅಕ್ಕಿ ಕಪ್ಪಗೆ ಹುರಿದು ಅರೆದು ಕಪ್ಪು ಬಣ್ಣ ಮಾಡೋದು ಇನ್ನೊಂದು, ಗುರಿಗೆ ಕಾಯಿಂದ ಹಳದಿ ತೆಗೆಯೋದು ಮತ್ತೊಂದು. ಹಿಂದೆ ಸಿನಿಮಾ ಹಾಡು ಹಾಕಲ್ಲ, ಅರೆಯೋ ಸದ್ದು, ಅಮ್ಮ ಒಳಗಿಂದ ಮಾತಾಡೋದು ಎಲ್ಲ ಹಾಗೇ ಇರತ್ತೆ, ಜನಕ್ಕೆ ಅದೇ ಇಷ್ಟ. ಬೆಳಗ್ಗೆ ಹೊತ್ತು ಜಗಲಿ ಮೇಲೆ ಕೂತು ತೆಗೀತೀನಿ, ಯಾಕಂದ್ರೆ ಬಲ್ಬಿನ ಬೆಳಕಲ್ಲಿ ಕೆಮ್ಮಣ್ಣು ಕಿತ್ತಳೆ ಥರ ಕಾಣತ್ತೆ, ಆಮೇಲೆ ಪಾರ್ಸೆಲ್ ಬಿಚ್ಚಿದೋರು ಬಣ್ಣ ಬೇರೆ ಇದೆ ಅಂತಾರೆ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟೂ ಇಲ್ಲ ನೆಟ್‌ವರ್ಕೂ ಇಲ್ಲ, ಹಾಗಾಗಿ ವಿಡಿಯೋ ಎಲ್ಲ ಮೊದ್ಲೇ ಎಡಿಟ್ ಮಾಡಿ ಡ್ರಾಫ್ಟಲ್ಲಿ ಇಟ್ಕೊಂಡು ಶಿರಸಿ ಪೇಟೆಗೆ ಹೋದಾಗ ಅಪ್‌ಲೋಡ್ ಮಾಡ್ತೀನಿ.

ಕ್ಯಾಪ್ಶನ್ ಪೂರ್ತಿ ಕನ್ನಡದಲ್ಲೇ. ಇದು ಎಳೆ, ಇದು ನಿಲಿ, ಇದು ಜೋಗಿ ಜಡೆ ಅಂತ ಗೆರೆ, ವಿನ್ಯಾಸಗಳ ಹೆಸರು, ಇದನ್ನ ಮನೇಲಿ ಎಲ್ಲಿ ಯಾವಾಗ ಬರೀತಾರೆ, ಯಾರ ಹತ್ರ ಕಲ್ತೆ, ಇಷ್ಟನ್ನ ಬರೆದೇ ಬರೀತೀನಿ. ಇದು ವಾರ್ಲಿನಾ ಅಂತ ಕೇಳೋರು ತುಂಬ. ವಾರ್ಲಿ ಮಹಾರಾಷ್ಟ್ರದ ಬುಡಕಟ್ಟಿನೋರ ಕಲೆ, ಅಲ್ಲಿ ಕುಣಿಯೋ ಮನುಷ್ಯರ ಆಕೃತಿ ಮುಖ್ಯ, ನಮ್ಮಲ್ಲಿ ಸಾಲು ಸಾಲು ಗೆರೆಗಳ ಲೆಕ್ಕಾಚಾರವೇ ಮುಖ್ಯ, ಎರಡೂ ಚಂದ ಆದ್ರೆ ಎರಡೂ ಒಂದಲ್ಲ. ಇದನ್ನ ವಿವರಿಸಿ ಒಂದು ಪೋಸ್ಟ್ ಮಾಡಿ ಪ್ರೊಫೈಲಿನ ಮೇಲ್ಗಡೆ ಪಿನ್ ಮಾಡಿಟ್ಟಿದೀನಿ, ಯಾರೇ ಕೇಳಿದ್ರೂ ಅದನ್ನೇ ಕಳಿಸ್ತೀನಿ.

ಈ ಕ್ಯಾಪ್ಶನ್ ಬರೆಯೋದ್ರಿಂದ ನಾನು ಎಣಿಸದೇ ಇದ್ದ ಒಂದು ಲಾಭ ಆಯ್ತು, ನಿಜ ಹೇಳ್ಬೇಕಂದ್ರೆ ಮಾರಾಟಕ್ಕಿಂತ ದೊಡ್ಡ ಲಾಭ ಅದೇ. ಸಾಗರ, ಸೊರಬ ಕಡೆಯ ಹೆಣ್ಮಕ್ಕಳು ಕಾಮೆಂಟಲ್ಲಿ ಬರೆಯೋಕೆ ಶುರು ಮಾಡಿದ್ರು, ತಂಗಿ ನಮ್ಮ ಅವ್ವ ಜೋಗಿ ಜಡೇನ ಹೀಗೆ ಬರೀತಿದ್ಲು ನೋಡು ಅಂತ ಹಳೇ ಗೋಡೆ ಫೋಟೋ ಕಳಿಸ್ತಾರೆ, ಆ ಮನೆಗಳಲ್ಲಿ ಎಷ್ಟೋ ಗೋಡೆ ಈಗ ಇಲ್ಲ, ಸಿಮೆಂಟು ಪೇಂಟು ಬಂದು ಹೋಯ್ತು. ಬರೆಯೋಕೆ ಬಾರದ ಅಜ್ಜಿಯಂದಿರು ಮೊಮ್ಮಕ್ಕಳ ಫೋನಿಂದ ವಾಯ್ಸ್ ಮೆಸೇಜ್ ಮಾಡಿ ಹಸೆ ಬರೆಯುವಾಗಿನ ಹಾಡು ಹೇಳ್ತಾರೆ. ಅದನ್ನೆಲ್ಲ ಊರಿನ ಹೆಸರು ಹಾಕಿ ಬೇರೆ ಫೋಲ್ಡರಲ್ಲಿ ಇಟ್ಟಿದೀನಿ, ಕೇಳದೇ ಒಂದನ್ನೂ ಪೋಸ್ಟ್ ಮಾಡಲ್ಲ. ನನ್ನ ಬುಟ್ಟಿಗಳಲ್ಲಿ ಈಗ ಬರೋ ಎಷ್ಟೋ ವಿನ್ಯಾಸ ಹಾಗೆ ಬಂದಿದ್ದು, ಬರೆದಾಗ ಇದು ಇಂಥ ಊರಿನ ರೀತಿ ಅಂತ ಹಾಕ್ತೀನಿ.

ಆರ್ಡರ್ ವಿಷಯಕ್ಕೆ ಬಂದ್ರೆ ಇನ್‌ಸ್ಟಾಗ್ರಾಮಲ್ಲಿ ನೋಡೋರು ಜಾಸ್ತಿ, ದುಡ್ಡು ಕೊಡೋರು ವಾಟ್ಸಾಪಲ್ಲಿ. ಬಿಸಿನೆಸ್ ವಾಟ್ಸಾಪ್ ಹಾಕ್ಕೊಂಡು ಕ್ಯಾಟಲಾಗಲ್ಲಿ ಅಳತೆ, ಬೆಲೆ ಎಲ್ಲ ಹಾಕಿಟ್ರೆ ಪ್ರೈಸ್ ಪ್ಲೀಸ್ ಅನ್ನೋ ಮೆಸೇಜಿಗೆ ದಿನವಿಡೀ ಉತ್ತರ ಕೊಡೋದು ತಪ್ಪತ್ತೆ. ಒಂದೇ ಮೆಸೇಜ್ ಒಟ್ಟಿಗೆ ತುಂಬ ಜನಕ್ಕೆ ಕಳಿಸೋ ಬ್ರಾಡ್‌ಕಾಸ್ಟ್ ಲಿಸ್ಟ್ ಒಂದಕ್ಕೆ 256 ಜನ, ಆದ್ರೆ ನಿಮ್ಮ ನಂಬರ್ ಸೇವ್ ಮಾಡ್ಕೊಂಡೋರಿಗೆ ಮಾತ್ರ ಮೆಸೇಜ್ ಮುಟ್ಟೋದು, ಇದು ತುಂಬ ಜನಕ್ಕೆ ಗೊತ್ತಿಲ್ಲ. ಅದಕ್ಕೇ ಪಾರ್ಸೆಲ್ ಒಳಗೆ ಚೀಟಿ ಇಡ್ತೀನಿ ನಂಬರ್ ಸೇವ್ ಮಾಡ್ಕೊಳಿ ಅಂತ, ಎರಡು ವರ್ಷಕ್ಕೊಮ್ಮೆ ಶಿರಸಿ ಮಾರಿಕಾಂಬಾ ಜಾತ್ರೇಲಿ ಅಂಗಡಿ ಹಾಕಿದಾಗ್ಲೂ ಎದುರಿಗೇ ಸೇವ್ ಮಾಡಿಸ್ತೀನಿ. ಇನ್ನೊಂದು, ದೊಡ್ಡ ಪ್ರಿಂಟಿಗೆ ಅಂತ ಯಾರಾದ್ರೂ ಕೇಳಿದ್ರೆ ಫೋಟೋನ ಡಾಕ್ಯುಮೆಂಟ್ ಮಾಡಿ ಕಳಿಸಿ, ಸುಮ್ನೆ ಫೋಟೋ ಅಂತ ಕಳಿಸಿದ್ರೆ ವಾಟ್ಸಾಪ್ ಅದನ್ನ ಕುಗ್ಗಿಸಿಬಿಡತ್ತೆ, ಸಣ್ಣ ಗೆರೆ ಎಲ್ಲ ಕಲಸಿ ಹೋಗತ್ತೆ.

ಭೂಮಿ ಹುಣ್ಣಿಮೆ ಟೈಮಲ್ಲಿ ಮಾತ್ರ ನಿಯಮ ಬೇರೆ. ಸೆಗಣಿ ಸಾರಿಸಿ ಕೆಮ್ಮಣ್ಣು ಬಳಿದ ಬುಟ್ಟಿ ಒಣಗಬೇಕು, ಅದರ ಮೇಲೆ ಅಕ್ಕಿ ಹಿಟ್ಟಿನ ಬಿಳಿ ಬರೀಬೇಕು, ಅವಸರ ಮಾಡಿದ್ರೆ ಬರಲ್ಲ. ಹಾಗಾಗಿ ನವರಾತ್ರಿ ಶುರುವಾಗೋ ಮೊದ್ಲೇ ಸ್ಟೇಟಸಲ್ಲಿ ಹಾಕಿಬಿಡ್ತೀನಿ, ಇಷ್ಟೇ ಬುಟ್ಟಿ, ಅರ್ಧ ದುಡ್ಡು ಮುಂಗಡ. ನಮ್ಮ ಮನೆ ಗದ್ದೆಗೆ ಚರಗ, ಅಂದ್ರೆ ಭೂಮಿಗೆ ಬೀರೋ ಎಡೆ, ಒಯ್ಯೋ ಬುಟ್ಟಿ ಮಾತ್ರ ಮಾರೋಕಲ್ಲ, ಅದನ್ನ ಬರೆಯೋದು ವಿಡಿಯೋ ಮಾಡಿ ಹಾಕ್ತೀನಿ, ಎಷ್ಟಕ್ಕೆ ಕೊಡ್ತೀರಾ ಅಂತ ಕೇಳಿದೋರಿಗೆ ಮುಂದಿನ ವರ್ಷದ ಲಿಸ್ಟಿಗೆ ಹೆಸರು ಬರ್ಕೊಳ್ತೀನಿ.