‘ಒನ್ಸ್ ಇನ್ ಎ ಬ್ಲೂ ಮೂನ್’ ಕಲಿಸಿದ ನನ್ನ ಅನುಭವ

ಕಲಬುರಗಿ ಜಿಲ್ಲೆಯ ಸೇಡಂ ಕಡೆಯ ಪ್ರೌಢಶಾಲೆಯೊಂದರಲ್ಲಿ ಇಂಗ್ಲಿಷ್ ಬೋಧಿಸುವ ನಾನು, ‘ಒನ್ಸ್ ಇನ್ ಎ ಬ್ಲೂ ಮೂನ್’ ಎಂಬ ನುಡಿಗಟ್ಟಿಗೆ ‘ಬಹಳ ಅಪರೂಪಕ್ಕೆ’ ಎಂದು ಹಲಗೆಯ ಮೇಲೆ ಬರೆದು ಮುಂದೆ ಹೋಗುವುದಿಲ್ಲ. ಅರ್ಥ ಬಾಯಿಪಾಠವಾದ ಮಕ್ಕಳೂ ವಾಕ್ಯ ಬರೆಯುವಾಗ ಅದನ್ನು ವಾರದ ಸಂತೆಗೂ ಹಚ್ಚುತ್ತಾರೆ, ಎಂದೂ ನಡೆಯದ ಸಂಗತಿಗೂ ಹಚ್ಚುತ್ತಾರೆ.

ಆದ್ದರಿಂದ ಮೊದಲು 2023ರ ಆಗಸ್ಟ್ ತಿಂಗಳ ಕ್ಯಾಲೆಂಡರ್ ಹಾಳೆಯನ್ನು ಗೋಡೆಗೆ ಹಾಕುತ್ತೇನೆ. ಆ ವರ್ಷ ಅಧಿಕ ಶ್ರಾವಣ ಬಂದಿತ್ತು. ಅದರ ಹುಣ್ಣಿಮೆ ತಿಂಗಳ ಮೊದಲಿಗೆ, ನಿಜ ಶ್ರಾವಣದ ರಾಖಿ ಹುಣ್ಣಿಮೆ ತಿಂಗಳ ಕೊನೆಗೆ, ಎರಡೂ ಒಂದೇ ಹಾಳೆಯಲ್ಲಿ ಕಾಣುತ್ತವೆ. ಹುಣ್ಣಿಮೆಯಿಂದ ಹುಣ್ಣಿಮೆಗೆ ಸುಮಾರು 29.5 ದಿನಗಳ ಅಂತರವಿರುವುದರಿಂದ ಹೀಗಾಗುವುದು ಎರಡೂವರೆ–ಮೂರು ವರ್ಷಕ್ಕೊಮ್ಮೆ; ಎರಡನೆಯ ಹುಣ್ಣಿಮೆಯನ್ನು ಬ್ಲೂ ಮೂನ್ ಎನ್ನುತ್ತಾರೆ, ಚಂದ್ರನೇನೂ ನೀಲಿಯಾಗುವುದಿಲ್ಲ. ಅಧಿಕ ಮಾಸವೂ 19 ವರ್ಷಗಳಲ್ಲಿ 7 ಬಾರಿ ಬರುವುದರಿಂದ, ಅಳಿಯನನ್ನು ಮನೆಗೆ ಕರೆದು ಉಣಬಡಿಸುವ ಆ ತಿಂಗಳನ್ನು ಬಲ್ಲ ಮಕ್ಕಳಿಗೆ ಅಪರೂಪ ಎಂದರೆ ಎಷ್ಟು ಎಂಬುದರ ಅಳತೆ ಸಿಗುತ್ತದೆ. ನುಡಿಗಟ್ಟು 19ನೇ ಶತಮಾನದಲ್ಲಿಯೇ ಬಳಕೆಯಲ್ಲಿತ್ತು. ಎರಡನೇ ಹುಣ್ಣಿಮೆ ಎಂಬ ಅರ್ಥಕ್ಕೆ ಕಾರಣವಾದದ್ದು 1946ರಲ್ಲಿ ಅಮೆರಿಕದ ಖಗೋಳ ಪತ್ರಿಕೆಯೊಂದರಲ್ಲಿ ಬಂದ ಲೇಖನ. ಹೀಗಾಗಿ ಕ್ಯಾಲೆಂಡರನ್ನು ನೆನಪಿಗೆ ನೆರವಾಗಲೆಂದು ಬಳಸುತ್ತೇನೆಯೇ ಹೊರತು ಅದೇ ಮೂಲವೆಂದು ಹೇಳುವುದಿಲ್ಲ.

ನಿಜವಾದ ಕಲಿಕೆ ನಡೆಯುವುದು ಮಕ್ಕಳ ವಾಕ್ಯಗಳಲ್ಲಿ. ಒಬ್ಬ ಹುಡುಗಿ ‘ಮೈ ಅಂಕಲ್ ಕಮ್ಸ್ ಹೋಮ್ ಫ್ರಮ್ ಪುಣೆ ಒನ್ಸ್ ಇನ್ ಎ ಬ್ಲೂ ಮೂನ್’ ಎಂದು ಬರೆದಳು. ಕಾಕಾ ಯಾವಾಗ ಬರುತ್ತಾರೆ ಎಂದು ಕೇಳಿದೆ.

“ಯುಗಾದಿಗೆ, ದಸರಾಕ್ಕ ತಪ್ಪದ ಬರ್ತಾರ್ರಿ ಸರ್.”

ವ್ಯಾಕರಣ ಸರಿಯಿತ್ತು. ಆದರೆ ಹಬ್ಬಕ್ಕೆ ತಪ್ಪದೆ ಬರುವವರಿಗೆ ಈ ಮಾತು ಒಪ್ಪುವುದಿಲ್ಲ, ಯಾವಾಗ ಬಂದಾರೆಂದು ಮನೆಯವರೂ ಹೇಳಲಾರದಷ್ಟು ವಿರಳವಾಗಿ ಬರುವವರಿಗೆ ಒಪ್ಪುತ್ತದೆ ಎಂದು ವಿವರಿಸಿದಾಗ, ಅವಳು ಪುಣೆಯ ಕಾಕಾನನ್ನು ಬಿಟ್ಟು ಮುಂಬೈಯ ಮಾವನನ್ನು ಆ ವಾಕ್ಯಕ್ಕೆ ತಂದಳು. ಅರ್ಥವನ್ನು ಹತ್ತು ಸಲ ಬರೆಯಿಸುವುದಕ್ಕಿಂತ ಇಂಥ ಒಂದು ಪ್ರಶ್ನೆ ಮೇಲು ಎಂಬುದು ನನ್ನ ದೃಢವಾದ ನಂಬಿಕೆ.

ಈ ನುಡಿಗಟ್ಟಿನೊಂದಿಗೆ ‘ಡೋಂಟ್’, ‘ನೆವರ್’ ಸೇರಿಸಬಾರದೆಂದು ಬಿಡದೆ ಹೇಳುತ್ತೇನೆ, ಏಕೆಂದರೆ ವಿರಳವಾಗಿಯಾದರೂ ಆ ಕೆಲಸ ನಡೆಯುತ್ತದೆ ಎಂಬುದೇ ಅದರ ತಿರುಳು. ಇದು ಮಾತುಕತೆಗೆ, ಆಪ್ತರ ಪತ್ರಕ್ಕೆ ಸಲ್ಲುವ ಭಾಷೆಯಾದ್ದರಿಂದ ಅರ್ಜಿ, ವರದಿಗಳಲ್ಲಿ ‘ರೇರ್ಲಿ’ ಎಂದೇ ಬರೆಯಿಸುತ್ತೇನೆ.